ಮಳೆಗಾಲದ ಸೈಕಲ್ ದಾರಿ

ಆಗುಂಬೆಯ ಮನುಷ್ಯನಿಗೆ ಮಳೆಯನ್ನು ಬೈಯುವ ಹಕ್ಕುಂಟು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಕಾಶದ ಕೆಳಗೆ ಬಾಳುವವನು ಎಂದಾದರೊಂದು ದಿನ ಬೇಸತ್ತು ಮೋಡವನ್ನು ಶಪಿಸಿದರೆ ಯಾರೂ ಅವನನ್ನು ತಪ್ಪುಗಾರನೆನ್ನಲಾರರು. ವಿಜಯಪುರ ಸೀಮೆಯ ಮನುಷ್ಯನಿಗೆ ಆ ಹಕ್ಕಿಲ್ಲ. ಇಲ್ಲಿ ವರ್ಷವಿಡೀ ಬೀಳುವುದೇ ಸುಮಾರು 600 ಮಿಲಿಮೀಟರು. ಮಳೆಯ ದಿನಗಳೆಂದು ಎಣಿಸಬಹುದಾದವು 40ರ ಆಸುಪಾಸು. ಅವೂ ಬಹುಪಾಲು ಸೆಪ್ಟೆಂಬರಿನ ಹಿಂದುಮುಂದೆ ಗುಂಪುಗೂಡಿ ಬರುತ್ತವೆ. ಕೆಲವು ವರ್ಷ ಬರುವುದೇ ಇಲ್ಲ. ಕಡಿಮೆ ನೀರಿನಲ್ಲಿ ಬೆಳೆ ತೆಗೆಯುವ ಬಗೆಯನ್ನು ಕಂಡುಹಿಡಿಯಲೆಂದೇ 1933ರಲ್ಲಿ ಇಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವೊಂದನ್ನು ತೆರೆಯಬೇಕಾಯಿತು ಎಂದ ಮೇಲೆ ಈ ನೆಲದ ಬಾಯಾರಿಕೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂತಹ ಸೀಮೆಯಲ್ಲಿ ಮಳೆಯನ್ನು ಯಾರಾದರೂ ಬೈದರೆ ಮನೆಯ ಹಿರಿಯರು ಕೂಡಲೇ ಬಾಯಿ ಮುಚ್ಚಿಸುತ್ತಾರೆ.

ಆದರೂ ಈ ಸೀಮೆಯಲ್ಲಿ ಮಳೆಯೊಡನೆ ದಿನವೂ ಸೆಣಸಬೇಕಾದ ಒಬ್ಬ ಮನುಷ್ಯನಿದ್ದಾನೆ. ಟಿಕೋಟಾದ ಕಡೆಯಿಂದಲೋ ಬಬಲೇಶ್ವರದ ಕಡೆಯಿಂದಲೋ ಸೈಕಲ್ ತುಳಿಯುತ್ತ ಕೆಲಸಕ್ಕೆ, ಶಾಲೆಗೆ, ಸಂತೆಗೆ ಹೋಗುವವನು ಆತ. ಅವನ ಸಂಕಟ ವಿಚಿತ್ರವಾದುದು. ಮೈಯೆಲ್ಲ ತೊಯ್ದು ಹಲ್ಲು ಕಟಕಟಿಸುತ್ತಿರುವಾಗಲೂ ಅವನು ಮಳೆ ನಿಲ್ಲಲೆಂದು ಬೇಡುವಂತಿಲ್ಲ. ಅವನ ಅಪ್ಪನ ಹೊಲದಲ್ಲಿ ಬಿಳಿಜೋಳದ ಬಿತ್ತನೆಗೆ ಅದೇ ಮಳೆ ಬೇಕು. ಉತ್ತರೆಯ ಮಳೆ ಕೈಕೊಟ್ಟರೆ ಹಿಂಗಾರಿ ಪೈರು ಕೈಗೆ ಹತ್ತುವುದಿಲ್ಲ. ತನ್ನನ್ನು ತೊಯ್ಯಿಸುವ ಮಳೆಯೇ ತನ್ನ ರೊಟ್ಟಿಯನ್ನೂ ಕೊಡುತ್ತದೆಂದು ಬಲ್ಲವನು ಅದರ ಮೇಲೆ ಸಿಟ್ಟಾಗುವುದಾದರೂ ಹೇಗೆ? ಟಿಕೋಟಾದ ದ್ರಾಕ್ಷಿತೋಟಕ್ಕೆ ಕೂಲಿಗೆ ಹೋಗುವವನ ಪಾಡು ಇನ್ನೂ ತೊಡಕಿನದು. ಅಕ್ಟೋಬರಿನ ಚಾಟ್ನಿ ಮುಗಿದು ಬಳ್ಳಿ ಚಿಗುರುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಡೌನಿ ಎಂಬ ಬೂಜುರೋಗ ಹತ್ತುತ್ತದೆ. ಹೀಗೆ ಬೆಳಿಗ್ಗೆ ತನ್ನ ಹೊಲಕ್ಕಾಗಿ ಮಳೆಯನ್ನು ಬಯಸಿ, ಮಧ್ಯಾಹ್ನ ಒಡೆಯನ ತೋಟಕ್ಕಾಗಿ ಮಳೆ ಬೇಡವೆಂದು ಹಾರೈಸಿ, ಸಂಜೆ ತನ್ನ ಸೈಕಲ್ಲಿಗಾಗಿ ಏನನ್ನು ಕೋರಬೇಕೆಂದು ತಿಳಿಯದೆ ಅವನು ಮನೆಗೆ ಮರಳುತ್ತಾನೆ.

ಎರೆಮಣ್ಣಿನ ಗುಣವನ್ನು ಅರಿಯದವರಿಗೆ ಈ ಸವಾರನ ಕಷ್ಟ ಪೂರ್ತಿಯಾಗಿ ಅರ್ಥವಾಗದು. ಬೇಸಿಗೆಯಲ್ಲಿ ಈ ಮಣ್ಣು ಕೈ ತೂರುವಷ್ಟು ಅಗಲವಾಗಿ ಬಿರಿದಿರುತ್ತದೆ. ನೀರು ಬಿದ್ದೊಡನೆ ಹೀರಿ, ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿಕೊಂಡು, ಮೇಣದಂತೆ ಅಂಟುತ್ತದೆ. ಇದೇ ಗುಣದಿಂದ ಅದು ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡು, ಮಳೆ ಹಿಂದಾದ ಮೇಲೆಯೂ ಜೋಳವನ್ನು, ಕಡಲೆಯನ್ನು ಬೆಳೆಸುತ್ತದೆ. ಆದರೆ ಜೋಳಕ್ಕೆ ವರವಾದ ಗುಣ ಗಾಲಿಗೆ ಶಾಪ. ಹಳ್ಳಿಯ ಓಣಿಯಿಂದ ಡಾಂಬರು ರಸ್ತೆಯನ್ನು ಮುಟ್ಟುವವರೆಗಿನ ಒಂದೆರಡು ಕಿಲೋಮೀಟರು ಕಚ್ಚಾದಾರಿಯಲ್ಲಿ ಗಾಲಿ ಹತ್ತಾರು ಸುತ್ತು ಉರುಳುವಷ್ಟರಲ್ಲಿ ಟಾಯರಿನ ಮೈಗೆ ಮಣ್ಣು ಸುತ್ತಿಕೊಳ್ಳುತ್ತದೆ. ಆ ಮಣ್ಣು ಮಡ್‌ಗಾರ್ಡಿನ ಒಳಗೆ ಸೇರಿ ಗಟ್ಟಿಯಾಗುತ್ತದೆ. ಬ್ರೇಕಿನ ರಬ್ಬರು ಹೂತುಹೋಗುತ್ತದೆ. ಸರಪಳಿ ಕಿರಗುಡುತ್ತದೆ. ಕೊನೆಗೆ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಸವಾರ ಇಳಿದು, ಬದುವಿನ ಮೇಲಿನ ತೊಗರಿಕಟ್ಟಿಗೆಯೊಂದನ್ನು ಮುರಿದು, ಮಣ್ಣನ್ನು ಕೆತ್ತಿ ತೆಗೆದು, ಮತ್ತೆ ನೂರು ಹೆಜ್ಜೆ ತಳ್ಳುತ್ತಾನೆ, ಮತ್ತೆ ನಿಲ್ಲುತ್ತಾನೆ, ಮತ್ತೆ ಕೆತ್ತುತ್ತಾನೆ. ಅದೂ ಸಾಲದಾದಾಗ ಸೈಕಲ್ಲನ್ನು ಎತ್ತಿ ಹೆಗಲ ಮೇಲೆ ಹೊತ್ತುಕೊಳ್ಳುತ್ತಾನೆ. ಹಳೆಯ ಕಪ್ಪು ಸೈಕಲ್ಲಿನ ತೂಕವೇ 20 ಕಿಲೋಗ್ರಾಮಿನ ಹತ್ತಿರ. ಮೆತ್ತಿದ ಮಣ್ಣಿನ ತೂಕ ಬೇರೆ. ನಿನ್ನೆಯವರೆಗೆ ಮನುಷ್ಯನನ್ನು ಹೊತ್ತ ಯಂತ್ರ ಇಂದು ಮನುಷ್ಯನ ಹೆಗಲೇರುತ್ತದೆ. ಮಳೆಗಾಲ ಬಂದೊಡನೆ ಮಡ್‌ಗಾರ್ಡುಗಳನ್ನು ಬಿಚ್ಚಿ ಅಟ್ಟದ ಮೇಲೆ ಇಡುವ ಜಾಣರೂ ಉಂಟು. ರಾಡಿಯಿಂದ ಕಾಪಾಡಲೆಂದು ಹುಟ್ಟಿದ ತಗಡು ರಾಡಿಯ ಕಾಲದಲ್ಲೇ ರಜೆಯ ಮೇಲೆ ಹೋಗುವುದು ಎರೆನಾಡಿನಲ್ಲಿ ಮಾತ್ರ ಕಾಣಸಿಗುವ ಚೋದ್ಯ.

ಇಷ್ಟೆಲ್ಲ ಪಾಡುಪಟ್ಟು ಡಾಂಬರು ರಸ್ತೆಗೆ ಬಂದವನು ಉಸ್ಸೆಂದು ನಿಟ್ಟುಸಿರು ಬಿಡುತ್ತಾನೆ. ಅವನ ನಿಜವಾದ ಕಷ್ಟ ಅಲ್ಲಿಂದ ಮೊದಲಾಗುತ್ತದೆಂಬುದನ್ನು ಮಾತ್ರ ಬೇಗನೆ ಯಾರೂ ಗಮನಿಸುವುದಿಲ್ಲ.

ಈ ದಾರಿಗಳಲ್ಲಿ ಬೆಳಗಿನ ಏಳರ ಹೊತ್ತಿಗೆ ನಿಂತು ನೋಡಬೇಕು. ತೊರವಿಯ ಕಡೆಯಿಂದ, ಬಬಲೇಶ್ವರದ ದಾರಿಯ ಹಳ್ಳಿಗಳಿಂದ ಹೊರಟವರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ಟಿಕೋಟಾ ನಗರದಿಂದ 20 ಕಿಲೋಮೀಟರಿನ ಆಸುಪಾಸಿನಲ್ಲಿದೆ, ಬಬಲೇಶ್ವರ ಇನ್ನೂ ತುಸು ದೂರ. ಅಷ್ಟೂ ದೂರವನ್ನು ದಿನವೂ ತುಳಿಯುವವರು ಈಗ ವಿರಳ. ಐದು, ಎಂಟು, ಹತ್ತು ಕಿಲೋಮೀಟರು ತುಳಿಯುವವರು ವಿರಳವಲ್ಲ. ಹಿಂದಿನ ಕ್ಯಾರಿಯರಿನಲ್ಲಿ ಕರಣೆ, ಓಳಂಬವನ್ನು ಗೋಣಿಯಲ್ಲಿ ಸುತ್ತಿ ಕಟ್ಟಿಕೊಂಡ ಗೌಂಡಿ, ಹ್ಯಾಂಡಲಿನ ಎರಡೂ ಕಡೆ ಹಾಲಿನ ಕ್ಯಾನು ತೂಗಿಸಿಕೊಂಡ ಮುದುಕ, ಪುಸ್ತಕದ ಚೀಲವನ್ನು ರಸಗೊಬ್ಬರದ ಖಾಲಿಚೀಲದೊಳಗೆ ತುರುಕಿ ಹೊಟ್ಟೆಗೆ ಅವಚಿಕೊಂಡ ವಿದ್ಯಾರ್ಥಿನಿ. ತಲೆಯ ಮೇಲೆ ಕಂಬಳಿಯ ಕೊಪ್ಪೆ ಈಗ ಕಡಿಮೆಯಾಗಿದೆ. ಅದರ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ಕಂಬಳಿ ತೊಯ್ದರೂ ಬೆಚ್ಚಗಿರುತ್ತಿತ್ತು, ಪ್ಲಾಸ್ಟಿಕ್ಕು ಗಾಳಿಗೆ ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಪಕ್ಕಕ್ಕೆ ಎಳೆಯುತ್ತದೆ. ಕೊಡೆ ಹಿಡಿದು ಒಂದೇ ಕೈಯಲ್ಲಿ ಸೈಕಲ್ ನಡೆಸುವ ಸಾಹಸಿಗಳನ್ನು ಕಂಡರೆ ಮೆಚ್ಚುವುದಕ್ಕಿಂತ ಮೊದಲು ಭಯವಾಗುತ್ತದೆ.

ಮನೆಯ ಬಾಗಿಲಲ್ಲಿ ನಡೆಯುವ ಮಾತು ಎಲ್ಲ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಒಂದೇ.

“ಯಪ್ಪಾ, ಮಾಡ ಕವದೈತಿ. ಇವತ್ತೊಂದಿನ ಹೋಗಬ್ಯಾಡಲ್ಲೊ,” ಎಂದು ತಾಯಿ ಅನ್ನುತ್ತಾಳೆ.

“ಹೋಗಲಿಲ್ಲಂದ್ರ ಪಗಾರ ಯಾರ ಕೊಡ್ತಾರಬೇ?” ಎಂದು ಮಗ ಗಾಲಿಯ ಗಾಳಿಯನ್ನು ಒತ್ತಿ ನೋಡುತ್ತಾನೆ.

ಈ ಎರಡು ಮಾತುಗಳ ನಡುವೆ ಒಂದು ಲೆಕ್ಕಾಚಾರವಿದೆ. ಗೌಂಡಿಯ ಕೆಲಸ ದಿನಗೂಲಿಯದು. ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಯಿತು. ಹೋದರೆ, ಹತ್ತು ಗಂಟೆಗೆ ಮಳೆ ಜೋರಾಗಿ ಗಿಲಾವು ನಿಂತರೆ, ಅರ್ಧ ಕೂಲಿಯೋ ಬರಿಗೈಯೋ ಎಂಬುದು ಮೇಸ್ತ್ರಿಯ ಮನಸ್ಸಿಗೆ ಬಿಟ್ಟದ್ದು. ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ಕೇಳುವವರುಂಟು. ಬಸ್ಸು ದೊಡ್ಡ ರಸ್ತೆಗೆ ಬರುತ್ತದೆ, ಅವನ ಓಣಿಗೆ ಬರುವುದಿಲ್ಲ. ಬಂದರೂ ಕೂಲಿಕಾರರು ಚೌಕದಲ್ಲಿ ಕೂಡುವ ಹೊತ್ತಿಗೆ ಮುಟ್ಟಿಸುತ್ತದೆಂಬ ಭರವಸೆಯಿಲ್ಲ. ಮೋಟಾರು ಸೈಕಲ್ ಕೊಳ್ಳಬಹುದಲ್ಲ ಎಂದು ಇನ್ನು ಕೆಲವರು ಅನ್ನುತ್ತಾರೆ. ಕೊಂಡವರು ಬಹಳ ಮಂದಿ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂತು ಕಟ್ಟುವ ಬಲವಿಲ್ಲದವನಿಗೆ, ಲೈಸನ್ಸಿನ ವಯಸ್ಸಾಗದ ಬಾಲಕಿಗೆ ಈ ಸಲಹೆ ಉತ್ತರವಾಗುವುದಿಲ್ಲ. 2011ರ ಜನಗಣತಿ ಭಾರತದಲ್ಲಿ ಬೇಸಾಯವನ್ನೂ ಗೃಹಕೈಗಾರಿಕೆಯನ್ನೂ ಬಿಟ್ಟು ಉಳಿದ ಕೆಲಸಗಳಿಗೆ ಹೋಗುವವರು ಹೇಗೆ ಹೋಗುತ್ತಾರೆಂದು ಕೇಳಿತು. ನೂರರಲ್ಲಿ ಸುಮಾರು 13 ಮಂದಿ ಸೈಕಲ್ ಎಂದರು. ಸೈಕಲ್ಲಿನ ಕಾಲ ಮುಗಿಯಿತೆಂದು ಕಾರಿನ ಕಿಟಕಿಯಿಂದ ನೋಡಿ ತೀರ್ಮಾನಿಸುವವರ ಕಣ್ಣಿಗೆ ಈ 13 ಮಂದಿ ಬೀಳುವುದಿಲ್ಲ.

ಮಳೆಗಾಲದಲ್ಲಿ ಅವರು ಕಣ್ಣಿಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ರಸ್ತೆಯನ್ನು ನೀರು ಎರಡೂ ಕಡೆಗೆ ಹರಿದುಹೋಗಲೆಂದು ನಡುವೆ ಉಬ್ಬಿಸಿ, ಅಂಚಿಗೆ ಇಳಿಜಾರು ಮಾಡಿ ಕಟ್ಟುತ್ತಾರೆ. ಇದು ಸರಿಯಾದ ವಿಧಾನವೇ. ಅಂಚಿನಾಚೆ ಗಟಾರವಿದ್ದು, ಅದು ತೆರೆದಿದ್ದರೆ ನೀರು ಹೋಗುತ್ತದೆ. ಇಲ್ಲದಿದ್ದರೆ ಅಂಚಿನಲ್ಲೇ ನಿಲ್ಲುತ್ತದೆ. ರಸ್ತೆಯ ಅಂಚೆಂದರೆ ಯಾರ ಜಾಗ? ನಡುವೆ ಲಾರಿ ಹೋಗುತ್ತದೆ, ಬಸ್ಸು ಹೋಗುತ್ತದೆ, ದ್ರಾಕ್ಷಿ ಪೆಟ್ಟಿಗೆಗಳ ಟೆಂಪೋ ಹೋಗುತ್ತದೆ. ಸೈಕಲ್ಲಿನವನಿಗೆ ಉಳಿಯುವುದು ಅಂಚು. ಊರಿನ ನೀರೆಲ್ಲ ಬಂದು ನಿಲ್ಲುವುದು ಅಂಚಿನಲ್ಲಿ, ಡಾಂಬರು ಮೊದಲು ಕಿತ್ತುಹೋಗುವುದು ಅಂಚಿನಲ್ಲಿ, ತಗ್ಗು ಬೀಳುವುದೂ ಅಲ್ಲೇ. ಆ ತಗ್ಗು ಗೇಣುದ್ದದ್ದೋ ಮೊಳದುದ್ದದ್ದೋ ಎಂಬುದನ್ನು ಮೇಲಿನ ಕೆನ್ನೀರು ಹೇಳುವುದಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ಒಂದು ಮಾರು ಒಳಕ್ಕೆ ಸರಿದರೆ ಹಿಂದಿನಿಂದ ಹಾರ್ನು. ಸರಿಯದಿದ್ದರೆ ಮುಂದಿನ ಗಾಲಿ ತಗ್ಗಿಗೆ. ಈ ಎರಡರ ನಡುವೆ ತೀರ್ಮಾನ ಮಾಡಲು ಅವನಿಗೆ ಸಿಗುವುದು ಒಂದೆರಡು ಕ್ಷಣ.

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಕಾರು ಹಾದುಹೋಗುತ್ತದೆ. ನಿಂತ ನೀರು ರೆಕ್ಕೆಯಂತೆ ಎದ್ದು ಸವಾರನ ಮೈಮೇಲೆ ಬೀಳುತ್ತದೆ. ತಲೆಯ ಮೇಲೆ ಬೀಳುವ ಮಳೆಯನ್ನು ಸಹಿಸಿದವನು ಈ ರಾಡಿನೀರನ್ನು ಅಷ್ಟು ಸುಲಭವಾಗಿ ಸಹಿಸಲಾರ. ಒಂದು ಆಕಾಶದಿಂದ ಬಂದದ್ದು, ಎಲ್ಲರ ಮೇಲೂ ಬೀಳುವಂಥದ್ದು. ಇನ್ನೊಂದು ಮನುಷ್ಯ ಮನುಷ್ಯನ ಮೇಲೆ ಎರಚಿದ್ದು. ಶಾಲೆಯ ಬಿಳಿಯ ಸಮವಸ್ತ್ರ ತೊಟ್ಟ ಹುಡುಗಿಯ ಮೇಲೆ ಅದು ಬಿದ್ದ ದಿನ ಆಕೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಯಾರ ಕಣ್ಣಿಗೂ ಬೀಳದಂತೆ ಸಂಜೆಯವರೆಗೂ ಮುದುಡಿಕೊಂಡಿರುತ್ತಾಳೆ. ಕಾರು ನಡೆಸಿದವನಿಗೆ ಇದರ ಅರಿವೂ ಇರುವುದಿಲ್ಲ; ಅವನು ದುಷ್ಟನೂ ಅಲ್ಲ. ಆದರೆ ಗಾಜಿನ ಒಳಗೆ ಒಣಗಿ ಕುಳಿತವನಿಗೆ ಹೊರಗೆ ತೊಯ್ಯುತ್ತಿರುವವನ ನೆನಪಾಗುವುದಿಲ್ಲ. ನೀರು ನಿಂತಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅವನಿಗೆ ತಪ್ಪುವುದು ಕೆಲವು ಕ್ಷಣ ಮಾತ್ರ.

ವಿಜಯಪುರ ನಗರದ ಒಳಗೆ ಬಂದಾಗ ಈ ಮಾತು ಇನ್ನಷ್ಟು ಚುಚ್ಚುತ್ತದೆ. ಆದಿಲಶಾಹಿ ಕಾಲದಲ್ಲಿ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನೀರು ತಂದ ಊರು ಇದು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಕೊಳವೆಯಲ್ಲಿ ನೀರು ಹಾಯಿಸಿದ ಊರು. ನೀರನ್ನು ಒಳಕ್ಕೆ ತರುವ ವಿದ್ಯೆಯಲ್ಲಿ ಇಷ್ಟು ಹೆಸರಾದ ನಗರಕ್ಕೆ, ಅದೇ ನೀರನ್ನು ರಸ್ತೆಯಿಂದ ಹೊರಕ್ಕೆ ಕಳುಹಿಸುವ ವಿದ್ಯೆ ಕಷ್ಟವಾಗಬಾರದಿತ್ತು. ಒಂದು ಗಂಟೆಯ ಬಿರುಮಳೆಗೆ ತಗ್ಗಿನ ಓಣಿಗಳು ಹೊಂಡವಾಗುತ್ತವೆ. ಗಟಾರದ ಬಾಯಿ ಎಲ್ಲಿದೆಯೆಂದು ನೆನಪಿಟ್ಟುಕೊಂಡವನೇ ಅಲ್ಲಿ ನುರಿತ ಸವಾರ.

ಇದೇ ಊರು ಸೈಕಲ್ಲಿಗೆ ಹೆಸರಾದ ಊರೂ ಹೌದು. ಟಾಂಗಾಗಳ ಗೊರಸಿನ ಸದ್ದಿನ ನಡುವೆ ಸೈಕಲ್ ಗಂಟೆ ಮೊಳಗುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆಗ ಸೈಕಲ್ಲಿಗೆ ದೀಪ ಕಡ್ಡಾಯ. ಇಬ್ಬರು ಕೂತರೆ ಪೊಲೀಸರ ಭಯ. ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಹುಡುಗರು, ಹುಡುಗಿಯರು ಸೈಕಲ್ ಓಟದಲ್ಲಿ ರಾಜ್ಯಕ್ಕೂ ರಾಷ್ಟ್ರಕ್ಕೂ ಪದಕ ತಂದಿದ್ದಾರೆ. ನಗರದಲ್ಲಿ ಸೈಕಲ್ ಪಟುಗಳಿಗೆಂದೇ ಕ್ರೀಡಾನಿಲಯವಿದೆ. ಭೂತನಾಳದ ಬಳಿ ವೆಲೊಡ್ರೋಮ್ ಎಂಬ ಬಾಗುದಾರಿಯ ಓಟದಂಗಳವನ್ನು ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯಿತು. ಇವೆಲ್ಲವೂ ಹೆಮ್ಮೆಯ ಸಂಗತಿಗಳು. ಆದರೆ ಓಟದಂಗಳ ತೊಯ್ದ ದಿನ ಪಟುವಿನ ಅಭ್ಯಾಸ ನಿಲ್ಲುತ್ತದೆ; ಗೌಂಡಿಯ ಓಟ ನಿಲ್ಲುವುದಿಲ್ಲ. ಗೆದ್ದ ಸೈಕಲ್ಲಿಗೆ ಹಾರ ಹಾಕುವ ಊರು ದುಡಿಯುವ ಸೈಕಲ್ಲಿಗೆ ಒಂದು ಗಜ ದಾರಿ ಬಿಡಲು ಹಿಂದೆಮುಂದೆ ನೋಡುವುದು ಸರಿಯೆನ್ನಿಸುವುದಿಲ್ಲ.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದು ಆ ಸೈಕಲ್ಲಿನಿಂದ. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತುಹೋಯಿತು. ಅಂದಿನ ಸೈಕಲ್ಲುಗಳಲ್ಲಿ ಹಲವು ಅಕ್ಕನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ ಇಳಿದು ಇಂದಿಗೂ ಓಡುತ್ತಿವೆ. ಸೈಕಲ್ ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಸೈಕಲ್ ಕೊಟ್ಟವರು ಅದು ಓಡಬೇಕಾದ ಅಂಚನ್ನು ಕೊಡಲಿಲ್ಲ.

ಯಂತ್ರದ ಕಡೆಯಿಂದಲೂ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಹಳೆಯ ಸೈಕಲ್ಲಿನ ಉಕ್ಕಿನ ರಿಮ್ಮು ತೊಯ್ದಾಗ ರಬ್ಬರಿನ ಬ್ರೇಕು ಅದನ್ನು ಹಿಡಿಯುವುದಿಲ್ಲ, ಜಾರುತ್ತದೆ. ಒಣದಾರಿಯಲ್ಲಿ ನಾಲ್ಕು ಮಾರಿನಲ್ಲಿ ನಿಲ್ಲುವ ಸೈಕಲ್ಲು ಮಳೆಯಲ್ಲಿ ಅದರ ಎರಡು ಮೂರು ಪಟ್ಟು ದೂರ ಹೋಗಿ ನಿಂತೀತು. ಆದ್ದರಿಂದ ಬಲ್ಲವರು ಇಳಿಜಾರಿಗೆ ಬರುವ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳುತ್ತಾರೆ. ಮಳೆನೀರು ಜಾಲಿಮುಳ್ಳನ್ನು ರಸ್ತೆಗೆ ತಂದು ಹಾಕುವುದರಿಂದ ಪಂಕ್ಚರು ಹೆಚ್ಚು. ಟ್ಯೂಬು ಪೂರ್ತಿ ಒಣಗದೆ ಸೊಲ್ಯೂಷನ್ ಹಿಡಿಯುವುದಿಲ್ಲ. ರಸ್ತೆಬದಿಯ ಸೈಕಲ್ ಅಂಗಡಿಯ ಕಾಕಾ ಮಳೆಯ ದಿನ ಟ್ಯೂಬನ್ನು ತನ್ನ ಅಂಗಿಯಿಂದಲೇ ಒರೆಸಿ ಒಣಗಿಸಿ ತೇಪೆ ಹಚ್ಚುತ್ತಾನೆ. “ಇವತ್ತು ತಡಾ ಆಗ್ತೈತಿ ತಂಗಿ, ಅಲ್ಲೇ ಒಳಗ ನಿಂದರು” ಎಂದು ತನ್ನ ತಗಡಿನ ಚಪ್ಪರದ ಅರ್ಧವನ್ನು ಬಿಟ್ಟುಕೊಡುತ್ತಾನೆ. ಆ ಚಪ್ಪರದಷ್ಟು ಆಸರೆ ಆ ದಾರಿಯಲ್ಲಿ ಬೇರೆ ಎಲ್ಲಿಯೂ ಇರುವುದಿಲ್ಲ.

ಆಸರೆಯ ಮಾತು ಇಲ್ಲಿ ಪ್ರಾಣದ ಮಾತೂ ಹೌದು. ವಿಜಯಪುರದ ಸುತ್ತಿನ ಬಯಲು ಚಪ್ಪಟೆಯಾದದ್ದು. ಮುಂಗಾರಿಗೆ ಮುಂಚಿನ ಅಡ್ಡಮಳೆಯಲ್ಲೂ ಸೆಪ್ಟೆಂಬರಿನ ಸಂಜೆಯ ಮಳೆಯಲ್ಲೂ ಸಿಡಿಲಿನ ಆರ್ಭಟ ಜೋರು. ಬಯಲಿನಲ್ಲಿ ಒಂಟಿಯಾಗಿ ಸಾಗುವ ಸವಾರನೇ ಅಲ್ಲಿ ಎತ್ತರದ ವಸ್ತು. ಗಾಲಿಯ ರಬ್ಬರು ಕಾಪಾಡುತ್ತದೆಂಬ ನಂಬಿಕೆ ಸುಳ್ಳು. ಒಂಟಿ ಬೇವಿನ ಮರದ ಕೆಳಗೆ ನಿಲ್ಲುವುದು ಇನ್ನೂ ದೊಡ್ಡ ತಪ್ಪು. ಗುಡುಗು ಕೇಳಿಸಿದೊಡನೆ ಗಟ್ಟಿಯಾದ ಕಟ್ಟಡವೊಂದರ ಒಳಗೆ ಸೇರಬೇಕು ಎಂದು ತಿಳಿದವರು ಹೇಳುತ್ತಾರೆ. ಆದರೆ ಮೂರು ನಾಲ್ಕು ಕಿಲೋಮೀಟರು ಉದ್ದಕ್ಕೂ ಹೊಲವೇ ಇರುವಲ್ಲಿ ಆ ಕಟ್ಟಡ ಎಲ್ಲಿದೆ? ಬಸ್ಸು ನಿಲ್ಲುವಲ್ಲಿ ತಂಗುದಾಣ ಕಟ್ಟುವುದು ವಾಡಿಕೆ. ಸೈಕಲ್ಲಿನವನು ಎಲ್ಲಿ ನಿಲ್ಲಬೇಕೆಂದು ಯೋಚಿಸಿ ಕಟ್ಟಿದ್ದು ಕಾಣಸಿಗುವುದಿಲ್ಲ.

ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಬಳಿ ಡೋಣಿ ಎದುರಾಗುತ್ತದೆ. ಬೇಸಿಗೆಯಲ್ಲಿ ಸವಳು ನೀರಿನ ಸಣ್ಣ ಗೆರೆಯಂತಿರುವ ಈ ಹೊಳೆ, ಪಾತ್ರದಲ್ಲಿ ಹೂಳು ತುಂಬಿಕೊಂಡು, ಒಂದೇ ರಾತ್ರಿಯ ಮಳೆಗೆ ಹೊಲಗಳ ಮೇಲೆ ಹರಡಿಕೊಳ್ಳುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಹುಟ್ಟಿಸಿದ ಹೊಳೆಯೇ ನೆಲಮಟ್ಟದ ಸೇತುವೆಗಳನ್ನು ಮುಳುಗಿಸಿ ಹಳ್ಳಿಗಳ ದಾರಿಯನ್ನು ಕಡಿಯುತ್ತದೆ. 2009ರ ಸೆಪ್ಟೆಂಬರಿನ ಕೊನೆಯಲ್ಲೂ ಅಕ್ಟೋಬರಿನ ಮೊದಲ ದಿನಗಳಲ್ಲೂ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಏನು ಮಾಡಿತೆಂಬುದನ್ನು ಈ ಸೀಮೆ ಮರೆತಿಲ್ಲ. ಮೊಣಕಾಲುದ್ದ ನೀರು ತಾನೇ ಎಂದು ಸೈಕಲ್ಲನ್ನು ಸೆಳವಿಗೆ ಇಳಿಸುವವನನ್ನು ದಂಡೆಯ ಮೇಲಿನವರು ಕೂಗಿ ತಡೆಯುತ್ತಾರೆ. ಅಂದು ಆ ಹಳ್ಳಿಯ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಜ್ವರ ಬಂದವನ ಗೈರುಹಾಜರಿಯೂ ಹೊಳೆ ಬಂದವನ ಗೈರುಹಾಜರಿಯೂ ಒಂದೇ ಗೆರೆಯಾಗಿ ಬೀಳುತ್ತದೆ.

ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ತೊಯ್ದು ಬಂದ ಹುಡುಗನನ್ನು ಹೊರಗೆ ನಿಲ್ಲಿಸುವ ಶಾಲೆಗಳುಂಟು. ಶಿಸ್ತು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಪಕ್ಕದ ಓಣಿಯಿಂದ ನಡೆದು ಬಂದವನಿಗೂ ಎಂಟು ಕಿಲೋಮೀಟರು ರಾಡಿಯಲ್ಲಿ ತುಳಿದು ಬಂದವನಿಗೂ ಒಂದೇ ಗಡಿಯಾರ ಹಿಡಿಯುವುದು ಶಿಸ್ತು ಎನಿಸಿಕೊಳ್ಳಲಾರದು. ಹತ್ತು ನಿಮಿಷ ತಡವಾದವನು ಆ ದಿನ ಉಳಿದವರಿಗಿಂತ ಒಂದು ಗಂಟೆ ಮುಂಚೆ ಹೊರಟಿದ್ದನೆಂಬುದನ್ನು ಯಾರಾದರೂ ಕೇಳಿದ್ದಾರೆಯೇ? ಮಳೆಯ ನಲವತ್ತು ದಿನ ಅವನಿಗೆ ಒಂದು ಒಣ ವಲ್ಲಿ, ಸೈಕಲ್ಲಿಗೆ ತಗಡಿನ ನೆರಳು, ಹಾಜರಿಗೆ ಹತ್ತು ನಿಮಿಷದ ರಿಯಾಯಿತಿ ಕೊಟ್ಟರೆ ಯಾವ ಶಾಲೆಯೂ ಬಡವಾಗುವುದಿಲ್ಲ.

ಮಳೆಗೂ ಸೈಕಲ್ಲಿಗೂ ಹೊಂದಿಕೆಯಿಲ್ಲವೆಂಬ ವಾದವನ್ನು ನೆದರ್ಲೆಂಡ್ ದೇಶ ಬಹಳ ಹಿಂದೆಯೇ ಅಲ್ಲಗಳೆದಿದೆ. ಅಲ್ಲಿ ವಿಜಯಪುರಕ್ಕಿಂತ ಹೆಚ್ಚು ಮಳೆ ಬೀಳುತ್ತದೆ, ಅದೂ ವರ್ಷದ ಎಲ್ಲ ತಿಂಗಳಲ್ಲಿ. ಆದರೂ ಮುದುಕರು, ಮಂತ್ರಿಗಳು, ಮಕ್ಕಳು ಸೈಕಲ್ ತುಳಿಯುತ್ತಾರೆ. ಮೊದಲಿನಿಂದಲೂ ಅಲ್ಲಿ ಎಲ್ಲವೂ ಸರಿಯಾಗಿತ್ತೆಂದು ತಿಳಿಯಬಾರದು. ಮೋಟಾರುಗಳು ಹೆಚ್ಚಿ ರಸ್ತೆಯಲ್ಲಿ ಮಕ್ಕಳು ಸಾಯತೊಡಗಿದಾಗ, 1970ರ ದಶಕದಲ್ಲಿ ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು. ಆ ಬಳಿಕ ಸರ್ಕಾರ ಸೈಕಲ್ಲಿಗೆಂದೇ ಬೇರೆ ದಾರಿಗಳನ್ನು ಕಟ್ಟತೊಡಗಿತು. ಅಷ್ಟು ದೊಡ್ಡ ಏರ್ಪಾಡು ಟಿಕೋಟಾಕ್ಕೂ ಬಬಲೇಶ್ವರಕ್ಕೂ ಇಂದೇ ಬರಲೆಂದು ಯಾರೂ ಕೇಳುತ್ತಿಲ್ಲ. ಈ ಎರಡೂ ಊರುಗಳು ಈಗ ತಾಲ್ಲೂಕಿನ ಕೇಂದ್ರಗಳಾಗಿವೆ, ಕಚೇರಿಗಳು ಬಂದಿವೆ, ರಸ್ತೆಗಳು ಅಗಲವಾಗುತ್ತಿವೆ. ಅಗಲವಾದ ರಸ್ತೆಯಲ್ಲಿ ಎರಡೂ ಕಡೆ ನಾಲ್ಕೈದು ಅಡಿ ಗಟ್ಟಿಯಾದ ಅಂಚನ್ನು ಬಿಳಿಯ ಗೆರೆಯೆಳೆದು ಬಿಡುವುದು, ಅದರಾಚೆಯ ಗಟಾರವನ್ನು ಮಳೆಗಾಲಕ್ಕೆ ಮುಂಚೆ ಬಳಿಯುವುದು, ಮೂರು ಕಿಲೋಮೀಟರಿಗೊಂದು ಆಸರೆ ಕಟ್ಟುವುದು, ಇವು ಆಕಾಶದಿಂದ ಇಳಿಯಬೇಕಾದ ಸಂಗತಿಗಳಲ್ಲ. ರಸ್ತೆ ಅಗಲವಾದಂತೆ ಮೋಟಾರಿನ ವೇಗವಷ್ಟೇ ಹೆಚ್ಚಿ ಅಂಚು ಮಾತ್ರ ಹಿಂದಿನಷ್ಟೇ ಉಳಿದರೆ, ಸೈಕಲ್ಲಿನವನ ಪಾಲಿಗೆ ಹಳೆಯ ಇಕ್ಕಟ್ಟಿನ ರಸ್ತೆಯೇ ವಾಸಿಯಾಗಿತ್ತೆನ್ನಬೇಕಾಗುತ್ತದೆ.

ಸಂಜೆ ಆರರ ಹೊತ್ತಿಗೆ ಮಳೆ ಹೊಳವಾಗುತ್ತದೆ. ಪಡುವಣದಲ್ಲಿ, ಟಿಕೋಟಾದ ದಿಕ್ಕಿನಲ್ಲಿ, ಮೋಡದ ಅಂಚು ಕೆಂಪಾಗುತ್ತದೆ. ಹಿಂದೆ ದೂರದಲ್ಲಿ ಗೋಲಗುಮ್ಮಟದ ತೊಯ್ದ ಗುಮ್ಮಟ ಹೊಳೆಯುತ್ತದೆ. ಊರಿಗೆ ಮರಳುವ ಸೈಕಲ್ಲುಗಳು ಮತ್ತೆ ಸಾಲಾಗುತ್ತವೆ. ಗೌಂಡಿ ಮನೆಯ ಮುಂದೆ ಇಳಿದು, ಅಂಗಿ ಹಿಂಡುವ ಮೊದಲು ಒಂದು ತೊಗರಿಕಟ್ಟಿಗೆ ಹುಡುಕಿ ಗಾಲಿಯ ಮಣ್ಣನ್ನು ಕೆತ್ತತೊಡಗುತ್ತಾನೆ. ಒಳಗಿನಿಂದ ಅಪ್ಪನ ದನಿ ಕೇಳುತ್ತದೆ:

“ಹಸಿ ಎಷ್ಟ ಇಳದೈತೊ, ಗೇಣುದ್ದ ಇಳದಿರಬೇಕಲ್ಲ?”

“ಗೇಣಲ್ಲಪ್ಪಾ, ಮೊಳದುದ್ದ ಇಳದೈತಿ. ನಾಳಿ ಬಿಟ್ಟು ನಾಡದು ಕೂರಿಗಿ ಹೂಡಬಹುದು,” ಎಂದು ಮಗ ಕೆತ್ತಿದ ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಹಿಸುಕಿ ನೋಡಿ ಹೇಳುತ್ತಾನೆ.